ಹುಲಿಯ ಹೊಟ್ಟೆಯೊಳಗಿನ ಯಂತ್ರ

ಪಾಂಡವಪುರದಲ್ಲಿ ಬೆಳಗಿನ ರೈಲು ಹತ್ತಿದರೆ ಶ್ರೀರಂಗಪಟ್ಟಣ ದಾಟಿ ಮೈಸೂರು. ಬಿ.ಇ. ಸೇರಿದಾಗಿನಿಂದ ನನ್ನ ದಿನಚರಿ ಇಷ್ಟೇ. ಶ್ರೀರಂಗಪಟ್ಟಣ ಸ್ಟೇಷನ್ ಹತ್ತಿರ ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರವೊಂದು ಇದೆ ಅಂತ ಗೊತ್ತಿತ್ತು. ಆದರೆ ರೈಲು ಅಲ್ಲಿ ನಿಲ್ಲುವಷ್ಟು ಹೊತ್ತೂ ನನ್ನ ತಲೆ ಮೊಬೈಲ್ ಮೇಲೆ ಬಗ್ಗಿರುತ್ತಿತ್ತು. ಯಾವ ಹೊಸ ಇಯರ್‌ಬಡ್ ಬಂತು, ಯಾವ ಡ್ರೋನ್ ಬೆಲೆ ಇಳಿಯಿತು ಅಂತ ನೋಡುವುದು ನನ್ನ ಚಟ. ಮನೆಯ ಮಿಕ್ಸಿಯಿಂದ ಹಿಡಿದು ಅಪ್ಪನ ಟಾರ್ಚ್‌ವರೆಗೆ ಎಲ್ಲವನ್ನೂ ಬಿಚ್ಚಿದವನು ನಾನು. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದವನಲ್ಲ.

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ವರು ಸೇರಿ ಒಂದು ಮಿನಿ ಪ್ರಾಜೆಕ್ಟ್ ಕೊಟ್ಟೆವು. ಮಣ್ಣಿನ ತೇವ ಕಡಿಮೆಯಾದರೆ ಪಂಪು ತಾನಾಗಿಯೇ ಶುರುವಾಗುವ ಯಂತ್ರ. ಕೊಟ್ಟೆವು ಅಂದೆನೇ ಹೊರತು ಮಾಡಿದೆವು ಅನ್ನಲಿಲ್ಲ. ತಲಾ ಒಂದು ಸಾವಿರ ಹಾಕಿ ಅಂಗಡಿಯಿಂದ ರೆಡಿಮೇಡ್ ತಂದಿದ್ದೆವು. ರಿಪೋರ್ಟೂ ಜೊತೆಗೇ ಬಂದಿತ್ತು. ವೈವಾದಲ್ಲಿ ಮೇಷ್ಟ್ರು ಹೆಚ್ಚೇನೂ ಕೇಳಲಿಲ್ಲ. ಸೆನ್ಸರಿನ ಈ ಎರಡು ಕಡ್ಡಿಗಳು ತೇವವನ್ನು ಹೇಗೆ ಅಳೆಯುತ್ತವೆ ಅಂತ ಅಷ್ಟೇ ಕೇಳಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೈದಿದ್ದರೆ ವಾಸಿಯಿತ್ತು, ಅವರು ಸುಮ್ಮನೆ ಡಬ್ಬದ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. ಆ ಡಬ್ಬ ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದ ರೈಲಿನಲ್ಲಿ ವಾಪಸ್ ಬರುವಾಗ ಮನೆಗೆ ಹೋಗುವ ಮನಸ್ಸಾಗದೆ ಶ್ರೀರಂಗಪಟ್ಟಣದಲ್ಲಿ ಇಳಿದುಬಿಟ್ಟೆ.

ಆ ಶಸ್ತ್ರಾಗಾರದ್ದೇ ಒಂದು ಕಥೆ. ಬೆಂಗಳೂರು-ಮೈಸೂರು ಜೋಡಿ ಹಳಿ ಹಾಕುವಾಗ ಅದು ದಾರಿಗೆ ಅಡ್ಡ ಬಂತು. ಒಡೆಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಕೊನೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಇಟ್ಟಿಗೆ-ಗಾರೆಯ ಕಟ್ಟಡವನ್ನು ಬುಡಸಮೇತ ಬಿಡಿಸಿ, ಹೈಡ್ರಾಲಿಕ್ ಜ್ಯಾಕ್‌ಗಳ ಮೇಲೆತ್ತಿ, ನೂರು ಮೀಟರಿಗೂ ಹೆಚ್ಚು ದೂರ ಇಡಿಯಾಗಿ ಸರಿಸಿ ಕೂರಿಸಿದರು. ಆಗ ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ, ಮನೆಯಲ್ಲಿ ಮಾತಾಡಿಕೊಂಡಿದ್ದು ನೆನಪಿದೆ. ಅದರ ಮುಂದೆ ನಿಂತಾಗ ಒಂದು ಯೋಚನೆ ಬಂತು. ಇದನ್ನು ಕಟ್ಟಿಸಿದವನು ಆ ದಿನ ಇಲ್ಲಿದ್ದಿದ್ದರೆ ಮದ್ದುಗುಂಡಿನ ಚಿಂತೆ ಬಿಟ್ಟು ಇಡೀ ದಿನ ಆ ಜ್ಯಾಕ್‌ಗಳನ್ನೇ ನೋಡುತ್ತ ನಿಂತಿರುತ್ತಿದ್ದ. ನಮ್ಮ ಸೀಮೆಯಲ್ಲಿ ಯಂತ್ರದ ಹುಚ್ಚು ಅವನಷ್ಟು ಹತ್ತಿದ ಇನ್ನೊಬ್ಬ ದೊರೆ ನನಗಂತೂ ಗೊತ್ತಿಲ್ಲ.

ಟಿಪ್ಪು ವಿಚಾರ ಎತ್ತಿದರೆ ನಮ್ಮಲ್ಲಿ ಎರಡೇ ಗುಂಪು. ನನಗೆ ಆ ಜಗಳದಲ್ಲಿ ತೀರ್ಪು ಹೇಳುವ ಓದಿಲ್ಲ, ವಯಸ್ಸೂ ಇಲ್ಲ. ಆದರೆ ಎಂಜಿನಿಯರಿಂಗ್ ಓದುವ ಹುಡುಗನ ಕಣ್ಣಿನಿಂದ ಅವನ ಬದುಕನ್ನು ನೋಡಿದವರು ಕಡಿಮೆ. ಆ ದಿನದಿಂದ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ.

ರಾಕೆಟ್ ಆ ಮನೆತನಕ್ಕೆ ಹೊಸದಲ್ಲ. ಹೈದರಾಲಿಯ ತಂದೆ ಫತೇ ಮುಹಮ್ಮದ್ ಆರ್ಕಾಟಿನ ನವಾಬನ ಬಳಿ ಐವತ್ತು ಜನ ರಾಕೆಟ್ ಹಾರಿಸುವವರ ನಾಯಕನಾಗಿದ್ದ. ಅಜ್ಜನದು ರಾಕೆಟ್ ಕಸುಬು, ಅಪ್ಪನಿಗೆ ಓದು ಬರಹ ಬಾರದಿದ್ದರೂ ಸೈನ್ಯ ಕಟ್ಟುವ ಬುದ್ಧಿ, ಮಗನಿಗೆ ಓದೂ ಬಂತು ಕಸುಬೂ ಬಂತು. ದೇವನಹಳ್ಳಿಯಲ್ಲಿ ಹುಟ್ಟಿದ ಹುಡುಗನಿಗೆ ಪಾರ್ಸಿ ಕಲಿಸಲು ಉಸ್ತಾದರು, ಯುದ್ಧ ಕಲಿಸಲು ಘಾಜಿ ಖಾನ್. ಹದಿಹರೆಯದಲ್ಲೇ 1767ರ ಯುದ್ಧಕ್ಕೆ ಇಳಿದ. ಅಂದರೆ ನಾವು ಪಿಯುಸಿ ಸಿಇಟಿ ಅಂತ ಒದ್ದಾಡುವ ವಯಸ್ಸಿನಲ್ಲಿ ಅವನ ಇಂಟರ್ನ್‌ಶಿಪ್ ಮುಗಿದಿತ್ತು.

ಅವನ ಮೊದಲ ದೊಡ್ಡ ಫೇಲ್ ಆಗಿದ್ದು ನಮ್ಮ ಪಾಂಡವಪುರ ತಾಲ್ಲೂಕಿನಲ್ಲೇ. 1771ರ ಮಾರ್ಚ್‌ನಲ್ಲಿ ಮರಾಠರು ಹೈದರನ ಸೈನ್ಯವನ್ನು ಮೇಲುಕೋಟೆ ಕಡೆಯಿಂದ ಅಟ್ಟಿಸಿಕೊಂಡು ಬಂದು ಚಿನಕುರಳಿ ಹತ್ತಿರ ಚಿಂದಿ ಮಾಡಿದರು. ಫಿರಂಗಿಗಳೆಲ್ಲ ಹೋದವು. ಅಪ್ಪ ಮಗ ಬೇರೆ ಬೇರೆಯಾದರು. ಟಿಪ್ಪು ಬೈರಾಗಿಯ ವೇಷ ಹಾಕಿಕೊಂಡು ಪಟ್ಟಣ ಸೇರಿದ ಅಂತ ಹೇಳುತ್ತಾರೆ. ಸೋಲಿಗೆ ಮುಂಚೆ ಅಪ್ಪನಿಂದ ಎಲ್ಲರೆದುರು ಹೊಡೆಸಿಕೊಂಡಿದ್ದ ಅಂತಲೂ ಕಥೆಯಿದೆ. ಲೆಕ್ಕ ಹಾಕಿ ನೋಡಿದೆ. ಆಗ ಅವನಿಗೆ ಇಪ್ಪತ್ತು ವರ್ಷ, ಈಗ ನನಗಿರುವಷ್ಟೇ. ಚಿನಕುರಳಿ ದಾರಿಯಲ್ಲಿ ಎಷ್ಟೋ ಸಲ ಬೈಕಿನಲ್ಲಿ ಹೋಗಿದ್ದೇನೆ, ಇದು ಗೊತ್ತಿರಲಿಲ್ಲ.

ಒಂಬತ್ತು ವರ್ಷ ಬಿಟ್ಟು 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಲೆಕ್ಕ ತಿರುಗಿತು. ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯನ್ನು ಸುತ್ತುವರಿದಾಗ ಅವರ ಮದ್ದಿನ ಬಂಡಿಗಳು ಸಿಡಿದವು, ಪಡೆ ನಾಶವಾಯಿತು. ಬಂಡಿಗೆ ಬಿದ್ದದ್ದು ಮೈಸೂರಿನ ರಾಕೆಟ್ ಅನ್ನುತ್ತಾರೆ. ಬೇಲಿ ಸೆರೆಯಾಗಿ ಶ್ರೀರಂಗಪಟ್ಟಣದಲ್ಲೇ ಸತ್ತ. ದರಿಯಾ ದೌಲತ್‌ನ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರವಿದೆ. ಇಂಗ್ಲಿಷರ ಗುಂಪಿನ ನಡುವೆ ಬೆಂಕಿ ಎದ್ದಿರುವುದನ್ನು ಅಂದು ಡಬ್ಬ ಕಂಕುಳಲ್ಲಿ ಇಟ್ಟುಕೊಂಡೇ ನೋಡಿದೆ. ಪ್ರೈಮರಿ ಸ್ಕೂಲಿನ ಟೂರಿನಲ್ಲಿ ನೋಡಿದ್ದಾಗ ಕುದುರೆಗಳಷ್ಟೇ ಕಂಡಿದ್ದವು.

ಈ ರಾಕೆಟ್ಟಿನಲ್ಲಿ ಅಂಥದ್ದೇನಿತ್ತು? ನಾವು ದೀಪಾವಳಿಯಲ್ಲಿ ಹಾರಿಸುವ ರಾಕೆಟ್ಟಿನ ಕೊಳವೆ ಕಾಗದದ್ದು. ಮದ್ದು ಉರಿದಾಗ ಒಳಗೆ ಹುಟ್ಟುವ ಅನಿಲದ ಒತ್ತಡವನ್ನು ಕಾಗದ ಒಂದು ಮಟ್ಟದವರೆಗೆ ಮಾತ್ರ ತಡೆಯುತ್ತದೆ, ಜಾಸ್ತಿ ತುಂಬಿದರೆ ಕೈಯಲ್ಲೇ ಸಿಡಿಯುತ್ತದೆ. ಮೈಸೂರಿನವರು ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು. ಒಂದು ಗೇಣು ಉದ್ದ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಲ್ಲಿ ಸಣ್ಣ ತೂತು. ಗಟ್ಟಿ ಗೋಡೆ ಇರುವುದರಿಂದ ಮದ್ದನ್ನು ಒತ್ತಿ ತುಂಬಬಹುದು, ಒತ್ತಡ ಏರುತ್ತದೆ, ಅನಿಲ ಜೋರಾಗಿ ಹೊರನುಗ್ಗುತ್ತದೆ, ರಾಕೆಟ್ ಅಷ್ಟೇ ಜೋರಾಗಿ ಮುಂದಕ್ಕೆ ಹೋಗುತ್ತದೆ. ದಿಕ್ಕು ತಪ್ಪದಿರಲು ಚರ್ಮದ ಪಟ್ಟಿಯಿಂದ ಬಿಗಿದ ಉದ್ದನೆಯ ಬಿದಿರು, ಕೆಲವಕ್ಕೆ ಬಿದಿರಿನ ಬದಲು ಕತ್ತಿ. ಎರಡು ಕಿ.ಮೀ. ಆಸುಪಾಸು ಹೋಗುತ್ತಿದ್ದವಂತೆ. ಆ ಕಾಲಕ್ಕೆ ಯುರೋಪಿನವರ ಬಳಿ ಇಂಥದ್ದು ಇರಲಿಲ್ಲ. ನಮ್ಮ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನೆಲ್ಲ ಬಿಡಿಸಿಟ್ಟಿದ್ದಾರೆ. ವಿಮಾನದ ಸುತ್ತ ಗಾಳಿ ಹರಿಯುವುದನ್ನು ಓದಿದ ಅಷ್ಟು ದೊಡ್ಡ ವಿಜ್ಞಾನಿಗೂ ನಮ್ಮೂರ ಕಡೆಯ ಕಬ್ಬಿಣದ ಕೊಳವೆ ಬಿಡಲಿಲ್ಲ ನೋಡಿ.

ಕಬ್ಬಿಣವೂ ಹೊರಗಿನದಲ್ಲ. ಇದ್ದಿಲ ಕುಲುಮೆಯಲ್ಲಿ ಇಲ್ಲೇ ಕರಗಿಸಿದ್ದು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಈ ಸೀಮೆ ಸುತ್ತಿದ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಲೋಹ ತಿಳಿದ ಕೈಗಳು ಇದ್ದವು, ಟಿಪ್ಪು ಅವಕ್ಕೆ ಕೆಲಸ ಕೊಟ್ಟ. ನಮ್ಮಜ್ಜಿಯ ತವರು ನಾಗಮಂಗಲ. ಅಲ್ಲಿ ಈಗಲೂ ದೇವರ ವಿಗ್ರಹ ಎರಕ ಹೊಯ್ಯುವವರಿದ್ದಾರೆ. ಚಿಕ್ಕವನಿದ್ದಾಗ ಅವರ ಕೆಲಸ ನೋಡಲು ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮೇಣದಲ್ಲಿ ಮೂರ್ತಿ ಮಾಡಿ, ಮಣ್ಣು ಮೆತ್ತಿ, ಸುಟ್ಟು ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಕಾದ ಲೋಹ ಹೊಯ್ಯುವುದು. ಟಿಪ್ಪುವಿನ ರಾಕೆಟ್ ಕೊಳವೆ ಬಡಿದವರೂ ಇಂಥವರೇ ಇದ್ದಿರಬೇಕು. ಅವರಲ್ಲಿ ಒಬ್ಬರ ಹೆಸರೂ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

1782ರ ಕೊನೆಗೆ ಹೈದರ್ ತೀರಿಕೊಂಡ. ಪಟ್ಟಕ್ಕೆ ಬಂದ ಟಿಪ್ಪು ಮುಟ್ಟದ ವಿಷಯವಿಲ್ಲ. ಕ್ಯಾಲೆಂಡರ್ ಬದಲಿಸಿದ, ವರ್ಷಗಳ ಹೆಸರು ಬದಲಿಸಿದ, ತೂಕ ಅಳತೆ ಬದಲಿಸಿದ, ಊರುಗಳ ಹೆಸರೂ ಬದಲಿಸಿದ. ಹೊಸ ಫೋನ್ ಸಿಕ್ಕವನು ವಾರಕ್ಕೊಮ್ಮೆ ಸೆಟ್ಟಿಂಗ್ಸ್ ಬದಲಿಸುತ್ತಾನಲ್ಲ, ಹಾಗೆ. ಇದರಲ್ಲಿ ಬಹಳಷ್ಟು ಅವನ ಜೊತೆಗೇ ಹೋಯಿತು. ಪಾಂಡಿಚೆರಿಯ ಫ್ರೆಂಚ್ ಗವರ್ನರನಿಗೆ ಗಾಳಿಯ ಒತ್ತಡ ಅಳೆಯುವ ಬ್ಯಾರೋಮೀಟರ್ ಕಳಿಸಿ ಅಂತ ಪತ್ರ ಬರೆದಿದ್ದಾನೆ. ಅವನ ಪುಸ್ತಕ ಭಂಡಾರದಲ್ಲಿ ಸುಮಾರು ಎರಡು ಸಾವಿರ ಪುಸ್ತಕಗಳಿದ್ದವು, ಅಪ್ಪ ಒಂದನ್ನೂ ಓದಲಾರದವನು.

ಕಾನ್‌ಸ್ಟಾಂಟಿನೋಪಲ್‌ಗೆ, ಅಂದರೆ ಇಂದಿನ ಇಸ್ತಾಂಬುಲ್‌ಗೆ, ರಾಯಭಾರಿಗಳನ್ನು ಕಳಿಸಿದ. 1788ರಲ್ಲಿ ಅವನ ಇನ್ನೊಂದು ತಂಡ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿ ದೊರೆಯ ಎದುರು ನಿಂತಿತು. ಕೇಳಿದ್ದು ಇಂಗ್ಲಿಷರ ವಿರುದ್ಧ ಸೈನ್ಯದ ನೆರವು. ಅದು ಸಿಗಲಿಲ್ಲ. ನಾನು ಎರಡೆರಡು ಸಲ ಓದಿದ್ದು ಬೇರೆ ಭಾಗ. ಈ ರಾಯಭಾರಿಗಳಿಗೆ ಅವನು ಗಡಿಯಾರ ಮಾಡುವವರು, ಗಾಜು ಮಾಡುವವರು, ಪಿಂಗಾಣಿ ಮಾಡುವವರು, ಬಂದೂಕು ಫಿರಂಗಿ ಮಾಡುವವರು ಬೇಕು ಅಂತ ಹೇಳಿ ಕಳಿಸಿದ್ದ. ಗಡಿಯಾರ ತನ್ನಿ ಅನ್ನುವುದಕ್ಕಿಂತ ಗಡಿಯಾರ ಮಾಡುವವನನ್ನು ಕರೆತನ್ನಿ ಅನ್ನುವ ಹಟ ಅದರಲ್ಲಿ ದೊಡ್ಡದು. ದೊರೆಗೆ ಗಡಿಯಾರಕ್ಕೇನು ಬರ, ನೂರು ಕೊಳ್ಳಬಹುದಿತ್ತು. ಕೊಂಡದ್ದು ಕೆಟ್ಟರೆ ಮತ್ತೆ ಫ್ರಾನ್ಸಿಗೇ ಹೋಗಬೇಕು, ಮಾಡುವವನು ಬಂದರೆ ಇಲ್ಲಿನವರು ಕಲಿಯುತ್ತಾರೆ ಅನ್ನುವ ಲೆಕ್ಕ. ಇದನ್ನು ಓದಿದಾಗ ಮೇಜಿನ ಮೇಲಿದ್ದ ನಮ್ಮ ಪ್ರಾಜೆಕ್ಟಿನ ಡಬ್ಬವನ್ನು ಕಣ್ಣಿಗೆ ಕಾಣದ ಹಾಗೆ ಮಂಚದ ಕೆಳಗೆ ತಳ್ಳಿದೆ.

ಕೆಲವರು ಕುಶಲಕರ್ಮಿಗಳು ಬಂದರು. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಫ್ರೆಂಚ್ ಮಾದರಿಯ ಬಂದೂಕುಗಳು ತಯಾರಾದವು, ಅವುಗಳ ಮೇಲೆ ಟಿಪ್ಪುವಿನ ಹುಲಿಪಟ್ಟೆಯ ಗುರುತು. ನಮ್ಮ ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್-ಟಿಪ್ಪು ಬಳಿ ಇದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಬಳಿ ಬೀಡು ಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಅಂದರು. ಆ ಹೆಸರು ನಮ್ಮ ತಾತನ ಕಾಲದವರೆಗೂ ನಡೆದುಕೊಂಡು ಬಂತು.

ಇನ್ನು ಆ ಹುಲಿ. ಮರದಲ್ಲಿ ಕೆತ್ತಿ ಬಣ್ಣ ಬಳಿದ ಹುಲಿಯೊಂದು ಯುರೋಪಿನ ಸಿಪಾಯಿಯ ಮೇಲೆ ಕೂತು ಕುತ್ತಿಗೆ ಹಿಡಿದಿದೆ. ಪಕ್ಕದ ಹಿಡಿಕೆ ತಿರುಗಿಸಿದರೆ ಒಳಗಿನ ತಿದಿಗಳು ಆಡಿ ಹುಲಿ ಗುರುಗುಟ್ಟುತ್ತದೆ, ಬಿದ್ದವನು ನರಳುತ್ತಾನೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. ಹುಲಿಯ ಹೊಟ್ಟೆಯ ಪಕ್ಕದ ಮುಚ್ಚಳ ತೆಗೆದರೆ ಅದರಲ್ಲೊಂದು ಪುಟ್ಟ ಆರ್ಗನ್ ವಾದ್ಯ, ಗುಂಡಿಗಳನ್ನು ಒತ್ತಿ ನುಡಿಸಬಹುದು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಒಂದೇ ಹಿಡಿಕೆಯಿಂದ ಎರಡು ಬೇರೆ ಬೇರೆ ದನಿ ಹೊರಡಿಸಿ, ಕೈಯನ್ನೂ ಆಡಿಸುವುದು ನಮ್ಮ ಮೆಕ್ಯಾನಿಕಲ್ ವಿಭಾಗದ ಗೆಳೆಯರಿಗೆ ಕೊಟ್ಟರೆ ಒಂದು ಸೆಮಿಸ್ಟರ್ ಹಿಡಿಯುತ್ತದೆ. ಅದರ ವಿಡಿಯೊ ಮೊಬೈಲಿನಲ್ಲಿ ಹಾಕಿ ಅಮ್ಮನಿಗೆ ತೋರಿಸಿದೆ. ಅಮ್ಮ ಒಂದು ಕ್ಷಣ ನೋಡಿ, ಆ ನರಳಾಟ ಕೇಳೋಕಾಗಲ್ಲ ಆಫ್ ಮಾಡು ಅಂದರು. ನನಗೆ ಅದುವರೆಗೂ ತಿದಿ ಮಾತ್ರ ಕೇಳಿಸಿತ್ತು.

ಅದೇ ಹೊತ್ತಿನಲ್ಲಿ ಇನ್ನೊಂದು ಆಯಿತು. ರಾಕೆಟ್ಟಿನ ಕಬ್ಬಿಣದ ಕೊಳವೆ ಬಗ್ಗೆ ಕ್ಲಾಸಿನ ಗೆಳೆಯನಿಗೆ ಉತ್ಸಾಹದಿಂದ ವಿವರಿಸುತ್ತ, ಈ ಸಲ ದೀಪಾವಳಿಗೆ ನಿಮ್ಮ ತಾರಸಿ ಮೇಲೆ ಕಾಗದದ ರಾಕೆಟ್ ಎಷ್ಟು ದೂರ ಹೋಗುತ್ತದೆ ಅಳೆಯೋಣ ಅಂದೆ. ಅವನ ಊರು ಮೇಲುಕೋಟೆ. ನಮ್ಮನೆಯಲ್ಲಿ ನರಕ ಚತುರ್ದಶಿ ದಿನ ದೀಪ ಹಚ್ಚಲ್ಲ ಅಂದ. ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ತಲೆಮಾರಿನಿಂದ ಹೀಗೆ. ಟಿಪ್ಪು ಆ ದಿನ ತಮ್ಮವರನ್ನು ಕೊಲ್ಲಿಸಿದ ಅನ್ನುವ ನೆನಪು ಅವರದು, ಹಬ್ಬ ಮಾಡದೆ ಆ ನೆನಪನ್ನು ಉಳಿಸಿಕೊಂಡಿದ್ದಾರೆ. ಅವನು ಕೋಪದಿಂದ ಹೇಳಲಿಲ್ಲ, ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿದ. ಮಂಗಳೂರಿನ ಕ್ರೈಸ್ತರನ್ನು, ಕೊಡಗಿನವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದೂ ನಾನು ಓದುತ್ತಿದ್ದ ಅದೇ ಪುಸ್ತಕಗಳಲ್ಲಿತ್ತು. ಬಂದೂಕಿನ ಪುಟ ಹುಡುಕುವ ಆತುರದಲ್ಲಿ ಆ ಪುಟಗಳನ್ನು ದಾಟಿಸಿದ್ದೆ. ಯಂತ್ರ ಹೇಗೆ ಓಡುತ್ತದೆ ಅಂತ ಕೇಳುವವರಿಗೆ ಅದು ಯಾರ ಮೇಲೆ ಓಡುತ್ತದೆ ಅಂತ ಕೇಳಲು ಮರೆತೇಹೋಗುತ್ತದೆ. ಈ ಬರಹ ಅಚ್ಚಾದರೆ ಅವನೂ ಓದುತ್ತಾನೆ. ಅದಕ್ಕೇ ಇದನ್ನು ನಡುವೆ ಬರೆದೆ, ಕೊನೆಗೆ ಅಂಟಿಸಲಿಲ್ಲ.

ಯಂತ್ರದ ವಿಷಯದಲ್ಲಿ ಅಷ್ಟು ತಾಳ್ಮೆ ಇದ್ದವನಿಗೆ ನೆರೆಹೊರೆಯ ವಿಷಯದಲ್ಲಿ ಇರಲಿಲ್ಲವೇನೋ. ಮೂರನೇ ಯುದ್ಧದಲ್ಲಿ ಮರಾಠರು, ಹೈದರಾಬಾದಿನ ನಿಜಾಮ ಇಬ್ಬರೂ ಇಂಗ್ಲಿಷರ ಜೊತೆ ನಿಂತರು. 1792ರ ಫೆಬ್ರುವರಿಯಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಡೇರೆ ಹಾಕಿದ್ದು ಇದೇ ಫ್ರೆಂಚ್ ರಾಕ್ಸ್ ಬಳಿ. ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಹಣ ತೀರುವವರೆಗೆ ಇಬ್ಬರು ಚಿಕ್ಕ ಮಕ್ಕಳನ್ನು ಒತ್ತೆ ಕೊಡಬೇಕಾಯಿತು. ಮಕ್ಕಳು ಮನೆಗೆ ಬಂದದ್ದು 1794ರಲ್ಲಿ. ಕೆಆರ್‌ಎಸ್ ಅಣೆಕಟ್ಟೆಯ ಬಳಿ ಇಟ್ಟಿರುವ ಪಾರ್ಸಿ ಶಾಸನದ ಕಲ್ಲಿನ ಮೇಲಿರುವುದೂ ಅದೇ ವರ್ಷ. ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟುವ ಸಂಕಲ್ಪ ಅದರಲ್ಲಿದೆ. ಅದು ಸಂಕಲ್ಪವಾಗಿಯೇ ಉಳಿಯಿತು. ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಲು 1911ನೇ ಇಸವಿ, ವಿಶ್ವೇಶ್ವರಯ್ಯನವರು ಬರಬೇಕಾಯಿತು.

1799ರ ಮೇ 2ರಂದು ಇಂಗ್ಲಿಷರ ಒಂದು ಗುಂಡು ಕೋಟೆಯೊಳಗೆ ರಾಕೆಟ್ ತುಂಬಿಟ್ಟ ಉಗ್ರಾಣಕ್ಕೆ ಬಿದ್ದು ಭಾರಿ ಸ್ಫೋಟವಾಯಿತು. ಪೊಲ್ಲಿಲೂರಿನಲ್ಲಿ ಬೇಲಿಯ ಬಂಡಿಗೆ ಆಗಿದ್ದೇ ಇಲ್ಲಿ ತಿರುಗಿ ಆಯಿತು. ಎರಡು ದಿನ ಬಿಟ್ಟು, ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಟಿಪ್ಪು ಸುಲ್ತಾನ ಕೋಟೆ ಬಾಗಿಲ ಬಳಿ ಹೋರಾಡುತ್ತ ಸತ್ತ. ಹೆಣಗಳ ರಾಶಿಯೊಳಗೆ ಅವನನ್ನು ಗುರುತಿಸಿದ್ದು ರಾತ್ರಿ ದೀಪದ ಬೆಳಕಿನಲ್ಲಿ.

ಆಮೇಲೆ ನಡೆದದ್ದು ನನಗೆ ಇಡೀ ಕಥೆಯಲ್ಲೇ ದೊಡ್ಡ ಪಾಠ ಅನ್ನಿಸಿತು, ಪಾಠ ಕಲಿತವರು ನಾವಲ್ಲ ಅಷ್ಟೇ. ಇಂಗ್ಲಿಷರು ಚಿನ್ನ ಬೆಳ್ಳಿಯ ಜೊತೆ ರಾಕೆಟ್‌ಗಳನ್ನೂ ಹೊತ್ತುಕೊಂಡು ಹೋದರು. ಲಂಡನ್ ಬಳಿಯ ವೂಲಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ರಾಕೆಟ್‌ಗಳ ಮೇಲೆ ಪ್ರಯೋಗ ಶುರು ಮಾಡಿದ. ಮದ್ದಿನ ಪ್ರಮಾಣ, ಕೊಳವೆಯ ಅಳತೆ, ಕೋಲಿನ ಉದ್ದ ಎಲ್ಲವನ್ನೂ ಪರೀಕ್ಷಿಸಿ ಬರೆದಿಟ್ಟ. 1807ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ಮೇಲೆ ಅವನ ರಾಕೆಟ್‌ಗಳು ಬಿದ್ದವು, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್‌ಗಳ ಮಾತು ಬರುವುದು ಇದರಿಂದಲೇ. ಟಿಪ್ಪು ಫ್ರೆಂಚ್ ಬಂದೂಕಿಗೆ ಮಾಡಿದ್ದನ್ನು ಅವರು ಟಿಪ್ಪುವಿನ ರಾಕೆಟ್ಟಿಗೆ ಮಾಡಿದರು. ಬಿಚ್ಚಿದರು, ಅಳೆದರು, ಬರೆದುಕೊಂಡರು, ತಾವೇ ಮಾಡಿದರು. ಅಬ್ದುಲ್ ಕಲಾಂ ಅವರು ಅಮೆರಿಕದಲ್ಲಿ ನಾಸಾದ ಕೇಂದ್ರವೊಂದಕ್ಕೆ ಹೋದಾಗ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ರಾಕೆಟ್ ಪಡೆಯ ಚಿತ್ರ ಕಂಡದ್ದನ್ನು ಆತ್ಮಕಥೆಯಲ್ಲಿ ನೆನೆದಿದ್ದಾರೆ. ನಮ್ಮಲ್ಲಿ 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಳೆ ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ಅಷ್ಟು ವರ್ಷ ಕೆಸರಿನಲ್ಲಿ ಬಿದ್ದಿದ್ದವು.

ಟಿಪ್ಪುವಿನ ಕಸುಬುಗಳಲ್ಲಿ ಸತ್ತವೇ ಹೆಚ್ಚು. ಬದುಕಿ ಉಳಿದದ್ದು ಒಂದು ಹುಳು. ಬಂಗಾಳದಿಂದ ರೇಷ್ಮೆ ಹುಳು ತರಿಸಿ, ರಾಜ್ಯದ 21 ಕಡೆ ಸಾಕಲು ವ್ಯವಸ್ಥೆ ಮಾಡಿಸಿದ್ದ. ಕೆ.ಆರ್. ಪೇಟೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಸೋದರಮಾವ ಅದರಿಂದಲೇ ಬದುಕುತ್ತಿರುವುದು. ಹುಳು ಜ್ವರಕ್ಕೆ ಹೋಗುವ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ಹಿಪ್ಪುನೇರಳೆ ತೋಟಕ್ಕೆ ನೀರು ತಪ್ಪಿದರೆ ಸೊಪ್ಪು ಬಾಡುತ್ತದೆ, ಸೊಪ್ಪು ಬಾಡಿದರೆ ಗೂಡು ಸಣ್ಣದಾಗುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ರೇಟು ಬೀಳುತ್ತದೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೂ ಮಾವ ಎದ್ದು ಹೋಗಿ ಪಂಪು ಹಾಕಿ ಬರಬೇಕು.

ಮಂಚದ ಕೆಳಗಿನ ಡಬ್ಬವನ್ನು ಹೊರಗೆ ತೆಗೆದೆ. ಈ ಸಲ ಬಿಚ್ಚಿದಾಗ ಪ್ರತಿ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎರಡು ಕಡ್ಡಿಗಳ ನಡುವೆ ಮಣ್ಣು ಒದ್ದೆಯಿದ್ದರೆ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಒಣಗಿದರೆ ಹರಿಯುವುದಿಲ್ಲ, ಆ ವ್ಯತ್ಯಾಸವೇ ಅಳತೆ. ಮೇಷ್ಟ್ರು ಕೇಳಿದ್ದಕ್ಕೆ ಉತ್ತರ ಇಷ್ಟೇ ಇತ್ತು. ಮರುದಿನ ಹೋಗಿ ಹೇಳಿದೆ, ಅಂಗಡಿಯಿಂದ ತಂದದ್ದನ್ನೂ ಒಪ್ಪಿಕೊಂಡೆ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಮಾವನ ತೋಟದ ಒಂದು ಸಾಲಿನಲ್ಲಿ ಸೆನ್ಸರ್ ನೆಟ್ಟು ಬಂದೆ. ಮೂರು ವಾರಕ್ಕೆ ಕಡ್ಡಿಗಳು ತುಕ್ಕು ತಿಂದು ಸುಳ್ಳು ಹೇಳತೊಡಗಿದವು, ತೋಟ ಒದ್ದೆಯಿದ್ದರೂ ಪಂಪು ಓಡುತ್ತಲೇ ಇತ್ತಂತೆ. ಒದ್ದೆ ಮಣ್ಣಿನಲ್ಲಿ ಇಪ್ಪತ್ನಾಲ್ಕು ಗಂಟೆ ವಿದ್ಯುತ್ ಹರಿಸಿದರೆ ಲೋಹ ಕರಗುತ್ತದೆ ಅಂತ ಆಗ ಗೊತ್ತಾಯಿತು. ಈಗ ಸೈಕಲ್ ಚಕ್ರದ ಸ್ಟೀಲ್ ಕಡ್ಡಿ ಹಾಕಿ, ಗಂಟೆಗೊಮ್ಮೆ ಮಾತ್ರ ಒಂದು ಕ್ಷಣ ವಿದ್ಯುತ್ ಕೊಡುವ ಹಾಗೆ ಪ್ರೋಗ್ರಾಂ ಬದಲಿಸಿದ್ದೇನೆ. ನಮ್ಮೂರ ಸೈಕಲ್ ಶಾಪಿನವರು ಕಡ್ಡಿಗೆ ದುಡ್ಡು ತಗೊಳ್ಳಲಿಲ್ಲ, ಕೆಲಸ ಮಾಡಿದರೆ ಅವರ ತೋಟಕ್ಕೂ ಒಂದು ಬೇಕಂತೆ. ಭಾನುವಾರ ಕೆ.ಆರ್. ಪೇಟೆ ಬಸ್ಸು ಹತ್ತಬೇಕು. ಮಾವ ಮಾತ್ರ ಇನ್ನೂ ರಾತ್ರಿ ಎದ್ದು ಹೋಗಿ ಮಣ್ಣಿಗೆ ಬೆರಳು ಚುಚ್ಚಿ ನೋಡಿಯೇ ಮಲಗುತ್ತಾರೆ.